ಬದಿಗಿಟ್ಟ ಪ್ರಬಂಧಗಳು

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಮೊದಲು ಕಬ್ಬು ಕಾರ್ಖಾನೆಗೆ ಹೋಗಲಿ ಎಂದೆ. ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯುತ್ತೇನೆ ಎಂದೆ. ಪೊರೆ ತೆಗೆಸಿಯೂ ಬಹಳ ದಿನವಾಯಿತು. "ನಾಳೆ ಅಂದವನ ಮನಿ ಹಾಳು ಅಂತ ಊರ ಮಂದಿಗೆಲ್ಲಾ ಹೇಳತೀರಿ. ನಿಮ್ಮ ನಾಳೆ ಯಾವಾಗ ಬರತೈತ್ರಿ?" ಎಂದು ಹೆಂಡತಿ ಕೇಳಿದಳು. ಅವಳಿಗೆ ಎಲ್ಲ ಗೊತ್ತು. ಆದ್ದರಿಂದ ಅವಳ ಮುಂದೆ ಹೊಸ ನೆಪ ಹೂಡುವುದು ಕಷ್ಟ.

ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಜಮಖಂಡಿ ಸಮೀಪದ ಒಂದು ವಸತಿ ಶಾಲೆಯ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಿವೃತ್ತಿಯಾದ ಮೇಲೂ ಆರನೆಯ ತರಗತಿಯ ಪ್ರವೇಶ ಪರೀಕ್ಷೆ ಬಂತೆಂದರೆ ಪ್ರಾಚಾರ್ಯರು ನನಗೆ ಹೇಳಿ ಕಳುಹಿಸುತ್ತಿದ್ದರು. ಆ ಕೆಲಸಕ್ಕೆ ನಾನೇ ಬೇಕು ಎನ್ನುವ ಮಾತು ಶಾಲೆಯಲ್ಲಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ನಾನು.

ನನ್ನ ಕೆಲಸ ಹೀಗಿತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆ ಪರೀಕ್ಷೆ ನಡೆಯುತ್ತಿತ್ತು. ಉತ್ತರಪತ್ರಿಕೆಗಳ ಕಟ್ಟುಗಳು ನನ್ನ ಮೇಜಿಗೆ ಬರುತ್ತಿದ್ದವು. ಪ್ರತಿ ಪತ್ರಿಕೆಯ ತಲೆಯ ಮೇಲೆ ಒಂದು ಚೀಟಿ. ಅದರಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಓದಿದ ಶಾಲೆ. ನಾನು ಚೀಟಿಯ ಮೇಲೂ ಪತ್ರಿಕೆಯ ಮೇಲೂ ಒಂದೇ ಗುಪ್ತ ಸಂಖ್ಯೆ ಬರೆದು, ಚೀಟಿಯನ್ನು ಹರಿದು ಬಟ್ಟೆಯ ಚೀಲಕ್ಕೆ ಹಾಕಬೇಕು. ನಾಲ್ಕೂ ಊರಿನ ಪತ್ರಿಕೆಗಳನ್ನು ಇಸ್ಪೀಟಿನಂತೆ ಕಲಸಿ ಹೊಸ ಕಟ್ಟು ಕಟ್ಟಿ ಮೌಲ್ಯಮಾಪಕರ ಕೈಗೆ ಕೊಡಬೇಕು. ಎಲ್ಲ ಮುಗಿದ ಮೇಲೆ ಚೀಲದ ಬಾಯಿ ಹೊಲಿದು ಅರಗಿನ ಮುದ್ರೆ ಒತ್ತಿ ಕಪಾಟಿಗೆ ಸೇರಿಸಬೇಕು. ಅಂಕಗಳೆಲ್ಲ ಬಂದ ಮೇಲೆಯೇ ಮುದ್ರೆ ಒಡೆಯುವುದು. ಅಲ್ಲಿಯವರೆಗೆ ಯಾವ ಪತ್ರಿಕೆ ಯಾರದೆಂಬುದು ಯಾರಿಗೂ ಗೊತ್ತಾಗಬಾರದು.

ಈ ಘಟನೆಗೆ ಕೆಲವು ವರ್ಷ ಮೊದಲು ಒಂದು ಕಳ್ಳತನ ನನ್ನ ಕಣ್ಣಿಗೆ ಬಿದ್ದಿತ್ತು. ಕೆಲವು ಮಕ್ಕಳ ಪ್ರಬಂಧದ ಶೀರ್ಷಿಕೆಯ ಕೆಳಗೆ, ಗೆರೆ ಎಳೆದ ಜಾಗದಲ್ಲಿ, ಎರಡೆರಡು ಚುಕ್ಕೆ. ಒಂದೇ ಕೋಚಿಂಗ್ ಕ್ಲಾಸಿನ ಮಕ್ಕಳು ಅವರು. ಚುಕ್ಕೆ ನೋಡಿ ಕೈಬಿಚ್ಚಿ ಅಂಕ ಹಾಕುವ ಮೌಲ್ಯಮಾಪಕನೊಬ್ಬ ಒಳಗಿದ್ದ. ನಾನು ಹಿಡಿದುಕೊಟ್ಟೆ. ಶಾಲೆಯವರು ಶಾಲು ಹೊದಿಸಿದರು. ಆಗ ನಾನೇ ಒಂದು ನಿಯಮ ಬರೆದುಕೊಟ್ಟೆ: ಪತ್ರಿಕೆಯೊಳಗೆ ಅಭ್ಯರ್ಥಿಯ ಹೆಸರು, ತಂದೆಯ ಹೆಸರು, ಊರು, ಗುರುತು ಸಿಗುವಂಥ ಏನೇ ಇದ್ದರೂ ಆ ಪ್ರಶ್ನೆಗೆ ಸೊನ್ನೆ. ಆಡಳಿತ ಮಂಡಳಿ ಅಕ್ಷರ ಬದಲಿಸದೆ ಒಪ್ಪಿತು. ಅಂದಿನಿಂದ ಚೀಟಿ ಹರಿಯುವಾಗ ಪತ್ರಿಕೆಯ ಒಳಗೂ ಕಣ್ಣಾಡಿಸುವುದು ನನ್ನ ರೂಢಿಯಾಯಿತು. ಇಂಗ್ಲಿಷಿನ ಗುಣದೋಷ ನನಗೆ ತಿಳಿಯುತ್ತಿರಲಿಲ್ಲ. ಹೆಸರುಗಳು ಮಾತ್ರ ತಟ್ಟನೆ ಕಾಣುತ್ತಿದ್ದವು.

ಮಳೆಗಾಲ, ಆಕಳು, ನನ್ನ ಮೆಚ್ಚಿನ ಹಬ್ಬ ಎಂದೆಲ್ಲ ಪ್ರಬಂಧ ಕೇಳುತ್ತಿದ್ದಷ್ಟು ಕಾಲ ಈ ನಿಯಮದಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾನು ಹೇಳಹೊರಟ ವರ್ಷ ಮುಖ್ಯ ಮೌಲ್ಯಮಾಪಕರು ವಿಷಯ ಬದಲಿಸಿದರು. ಅವರು ಮುಧೋಳದವರು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. "ನನ್ನ ಮನೆ" ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ವಾಕ್ಯ ಬರೆಯಿರಿ ಎಂದು ಕೇಳಿದರು. ಅಂಕ ಹದಿನೈದು: ವಿಷಯಕ್ಕೆ ಐದು, ವಾಕ್ಯಕ್ಕೆ ಐದು, ಸ್ಪೆಲ್ಲಿಂಗಿಗೆ ಮೂರು, ಅಕ್ಷರದ ಅಂದಕ್ಕೆ ಎರಡು.

ಮೊದಲ ದಿನ ಎಲ್ಲರೂ ಒಂದೇ ಅಳತೆಗೆ ಬರಬೇಕು. ಅದಕ್ಕಾಗಿ ಐದು ಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿ ಎಲ್ಲ ಮೌಲ್ಯಮಾಪಕರಿಗೂ ಹಂಚುತ್ತಾರೆ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಅಂಕ ಹಾಕಿ, ಆಮೇಲೆ ಕೂಡಿ ಕುಳಿತು ಯಾರು ಎಲ್ಲಿ ಬಿಗಿ, ಎಲ್ಲಿ ಸಡಿಲು ಎಂದು ನೋಡುತ್ತಾರೆ. ಆಮೇಲಿನ ಕೆಲಸದಲ್ಲಿ ಒಂದು ಪತ್ರಿಕೆಯನ್ನು ಇಬ್ಬರು ಓದುತ್ತಾರೆ. ಮೊದಲನೆಯವರ ಅಂಕ ಎರಡನೆಯವರಿಗೆ ಕಾಣದಂತೆ ಬೇರೆ ಹಾಳೆಯಲ್ಲಿರುತ್ತದೆ. ಇಬ್ಬರ ನಡುವೆ ಮೂರಕ್ಕಿಂತ ಹೆಚ್ಚು ಅಂತರ ಬಂದರೆ ಮುಖ್ಯರ ಬಳಿಗೆ ಹೋಗುತ್ತದೆ.

ಆ ಐದರಲ್ಲಿ ನಾಲ್ಕು ಪತ್ರಿಕೆಗಳು ಅಕ್ಕತಂಗಿಯರಂತಿದ್ದವು. ಮುಖ್ಯರು ಒಂದನ್ನು ಓದಿ ಕನ್ನಡದಲ್ಲಿ ಹೇಳಿದರು. ನನ್ನ ಮನೆ ಚಿಕ್ಕದಾದರೂ ಚೊಕ್ಕವಾಗಿದೆ. ಮನೆಯ ಮುಂದೆ ಗುಲಾಬಿ ತೋಟವಿದೆ. ತಂದೆ ಸಂಜೆ ತೋಟದಲ್ಲಿ ಕುಳಿತು ಪತ್ರಿಕೆ ಓದುತ್ತಾರೆ. ತಾಯಿ ರುಚಿಯಾದ ಕೇಕ್ ಮಾಡುತ್ತಾರೆ.

"ಈ ನಾಲ್ಕ ಊರಾಗ ಇಷ್ಟ ಗುಲಾಬಿ ಇದ್ದಿದ್ರ ನಾವು ಕಬ್ಬ ಕಿತ್ತ ಒಗದು ಅತ್ತರ ಮಾಡತಿದ್ವಿ" ಎಂದರು ಮುಖ್ಯರು.

ಬೀಳಗಿಯಿಂದ ಬಂದಿದ್ದ ಮಾಸ್ತರರೊಬ್ಬರು, "ಗುಲಾಬಿ ಇರಲಿರಿ ಸರ್, ಕೇಕ್ ಯಾರ ಮನ್ಯಾಗ ಮಾಡತಾರು? ನಮ್ಮಾಕಿಗೆ ಕೇಳಿದ್ರ ರೊಟ್ಟಿ ಬಡಿಗಿ ತಗೋತಾಳ" ಎಂದರು. ಎಲ್ಲರೂ ನಕ್ಕರು.

ಆಗ ಮೂಲೆಯಲ್ಲಿ ಕುಳಿತಿದ್ದ ಶಿಕ್ಷಕಿಯೊಬ್ಬರು ಮಾತಾಡಿದರು. ನಮ್ಮ ಶಾಲೆಯಲ್ಲೇ ಅತಿಥಿ ಶಿಕ್ಷಕಿಯಾಗಿ ಇಂಗ್ಲಿಷ್ ಕಲಿಸುತ್ತಿದ್ದವರು, ದಿನಾ ಬನಹಟ್ಟಿಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ವಯಸ್ಸು ಮೂವತ್ತರ ಒಳಗೆ. "ಸರ್, ಇವಕ್ಕೆಲ್ಲಾ ಹನ್ನೆರಡು ಹನ್ನೆರಡು ಹಾಕೂದಾದ್ರ ನಾವ್ಯಾಕ ಬೇಕ್ರಿ? ಒಂದ ರಬ್ಬರ್ ಶಿಕ್ಕಾ ಮಾಡಿಸಿ ಹೊಡದ ಬಿಡ್ರಿ."

"ಹಂಗಾದ್ರ ಎಷ್ಟ ಹಾಕಬೇಕಂತೀರಿ?"

"ಸ್ಪೆಲ್ಲಿಂಗಿಗೆ ಪೂರಾ ಕೊಡ್ರಿ, ಅಕ್ಷರಕ್ಕ ಪೂರಾ ಕೊಡ್ರಿ. ವಿಷಯಕ್ಕ ಕೊಡಾಕ ಇದ್ರಾಗ ಮನಿ ಎಲ್ಲೈತ್ರಿ?"

ಮುಖ್ಯರು ಅದನ್ನು ಬರೆದುಕೊಂಡರು. ನಾನು ಚಹದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಿನ್ನೆ ಮೊನ್ನೆ ಬಂದವರ ಮಾತನ್ನು ಮುಖ್ಯರು ಬರೆದುಕೊಂಡದ್ದು ನನಗೆ ಹಿಡಿಸಲಿಲ್ಲ. ನನ್ನ ಮನಸ್ಸಿನಲ್ಲಿ ಹುಳಿ ಬಿದ್ದದ್ದು ಅಲ್ಲೇ.

ಮರುದಿನ ಆ ಶಿಕ್ಷಕಿ ಹೊಸ ಕಟ್ಟು ಒಯ್ಯಲು ನನ್ನ ಮೇಜಿಗೆ ಬಂದರು. ಮೇಜಿನ ಬದಿಯಲ್ಲಿ ಕೆಂಪು ದಾರ ಕಟ್ಟಿದ ತೆಳುವಾದ ಇನ್ನೊಂದು ಕಟ್ಟಿತ್ತು. "ಇದು ಯಾರಿಗ್ರಿ ಕಾಕಾ?" ಎಂದು ಕೇಳಿದರು.

"ಅದು ಯಾರಿಗೂ ಅಲ್ಲ. ಅವು ಗುರುತಿನ ಪೇಪರ್. ಸೊನ್ನಿ."

"ಏನ ಗುರುತ ಮಾಡ್ಯಾವ್ರಿ?"

"ಊರ ಬರದಾವ, ಅಪ್ಪನ ಹೆಸರ ಬರದಾವ. ಒಂದ ಅಂತೂ ಮನಿಗಿ ಬರಾಕ ದಾರೀನ ಹೇಳೈತಿ."

ಅವರು ನನ್ನ ಅಪ್ಪಣೆ ಕೇಳದೆ ಮೇಲಿನ ಪತ್ರಿಕೆ ತೆಗೆದು ನಿಂತಲ್ಲೇ ಓದಿದರು. ಓದುತ್ತ ಅವರ ಮುಖ ಬದಲಾಯಿತು. ಆಮೇಲೆ ನನಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು. ನಮ್ಮ ಮನೆಗೆ ಒಂದೇ ಕೋಣೆ. ದೊಡ್ಡ ಜಾಗ ಮಗ್ಗಕ್ಕೆ, ಸಣ್ಣ ಜಾಗ ನಮಗೆ. ಮಗ್ಗ ನಡೆಯುವಾಗ ನಾವು ಕೈಸನ್ನೆಯಲ್ಲಿ ಮಾತಾಡುತ್ತೇವೆ. ಕರೆಂಟ್ ಹೋದಾಗ ಮನೆ ದೊಡ್ಡದಾಗುತ್ತದೆ. ಆಗ ಅವ್ವ ಹಾಡುತ್ತಾಳೆ. ನನ್ನ ಅಪ್ಪನ ಹೆಸರು ಬಸಪ್ಪ. ನೀವು ಬನಹಟ್ಟಿಗೆ ಬಂದರೆ ನಮ್ಮ ಮನೆಗೆ ಬನ್ನಿ, ಕರೆಂಟ್ ಇಲ್ಲದಾಗ ಬನ್ನಿ.

"ಸ್ಪೆಲ್ಲಿಂಗ್ ತಪ್ಪದಾವ, ಕ್ರಿಯಾಪದ ಸತ್ತ ಹೋಗ್ಯಾವ" ಎಂದರು ಅವರು. "ಆದ್ರ ಕಾಕಾ, ಎರಡ ದಿನದಾಗ ನಾ ಓದಿದ ಮೊದಲನೇ ಮನಿ ಇದು. ಇದಕ್ಕ ಸೊನ್ನಿ ಏನ್ರಿ?"

"ನಿಯಮ."

"ಮನಿ ಬಗ್ಗೆ ಬರೀರಿ ಅಂತ ನಾವ ಕೇಳೀವಿ. ಊರ ಇಲ್ದ ಮನಿ ಗಾಳ್ಯಾಗ ಇರತೈತೇನ್ರಿ?"

ಅವರು ಕಟ್ಟನ್ನೇ ಎತ್ತಿಕೊಂಡು ಮುಖ್ಯರ ಬಳಿ ಹೋದರು. ನಾನು ಹಿಂದೆ ಹೋದೆ. ಪ್ರಾಚಾರ್ಯರೂ ಬಂದರು. ಶಿಕ್ಷಕಿ ಹೇಳಿದ್ದು ಇಷ್ಟೇ: ಹೆಸರು, ಊರು ಇರುವ ಕಡೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಆಮೇಲೆ ಮೌಲ್ಯಮಾಪಕರಿಗೆ ಕೊಡಿ, ಗುರುತೂ ಮುಚ್ಚುತ್ತದೆ, ಪ್ರಬಂಧವೂ ಉಳಿಯುತ್ತದೆ. ನಾನು ಚುಕ್ಕೆಗಳ ಕತೆ ಹೇಳಿದೆ. ಒಮ್ಮೆ ಬಾಗಿಲು ಸಡಿಲ ಬಿಟ್ಟರೆ ಎಲ್ಲರೂ ನುಗ್ಗುತ್ತಾರೆ ಎಂದೆ. ಮಾತು ಬೆಳೆಯಿತು. ಕೊನೆಗೆ ಅವರು, "ಕಾಕಾ, ಸಿಟ್ಟ ಮಾಡ್ಕೋಬ್ಯಾಡ್ರಿ. ನೀವು ಹೆಸರಷ್ಟ ಓದೀರಿ, ಪ್ರಬಂಧ ಓದಿಲ್ಲ" ಎಂದರು.

ಮುಖ್ಯರು ನಕ್ಕುಬಿಟ್ಟರು. ಕೆಟ್ಟ ನಗೆಯಲ್ಲ. ಖರೆ ಮಾತಿಗೆ ಯಾರಾದರೂ ನಗುವಂಥದು. ಆದರೆ ನನ್ನ ಕಿವಿ ಬಿಸಿಯಾದವು. "ಊಟ ಆದ ಮ್ಯಾಲ ತೀರ್ಮಾನ ಮಾಡೂಣು" ಎಂದು ಮುಖ್ಯರು ಎದ್ದರು. ಅವರ ಮನಸ್ಸು ಪಟ್ಟಿ ಅಂಟಿಸುವ ಕಡೆಗೇ ವಾಲಿತ್ತು. ಹಾಗಾಗಿದ್ದರೆ ಈ ಬರಹದ ಅಗತ್ಯವಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದರು. ಬೀಳಗಿಯ ಒಂದು ಕಟ್ಟು ತಡವಾಗಿ ಬಂದಿದ್ದರಿಂದ ಚೀಟಿಗಳ ಚೀಲಕ್ಕೆ ಇನ್ನೂ ಅರಗು ಬಿದ್ದಿರಲಿಲ್ಲ. ಅದು ನನ್ನ ಕಾಲ ಬುಡದಲ್ಲೇ ಇತ್ತು. ಶಿಕ್ಷಕಿ ಬನಹಟ್ಟಿಯವರು, ಆ ಪತ್ರಿಕೆಯೂ ಬನಹಟ್ಟಿಯದು ಎಂಬುದು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಗುಪ್ತ ಸಂಖ್ಯೆ ನೋಡಿಕೊಂಡು ಚೀಲದಲ್ಲಿ ಕೈಯಾಡಿಸಿದೆ. ಅಷ್ಟು ವರ್ಷ ಕಾಯ್ದ ಚೀಲದೊಳಗೆ ಕೈ ಹಾಕಲು ನನಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಚೀಟಿ ಸಿಕ್ಕಿತು. ಹುಡುಗಿ. ಮತ್ತು ಅಡ್ಡಹೆಸರು ಶಿಕ್ಷಕಿಯದೇ.

ನಮ್ಮ ಕಡೆ ಅಡ್ಡಹೆಸರು ಎಂದರೆ ಏನೆಂದು ನನಗೆ ಗೊತ್ತಿಲ್ಲದ್ದಲ್ಲ. ಒಂದೇ ಅಡ್ಡಹೆಸರಿನವರು ಒಂದು ಓಣಿ ತುಂಬ ಇರುತ್ತಾರೆ. ಯಾವುದೋ ಕಾಲದ ಕಸುಬಿನಿಂದಲೋ ಬಂದ ಊರಿನಿಂದಲೋ ಅಂಟಿದ್ದು. ನನ್ನ ಅಡ್ಡಹೆಸರಿನವರು ನನ್ನೂರಾದ ಹುನ್ನೂರಿನಲ್ಲೇ ಹಲವರಿದ್ದಾರೆ. ಅವರಲ್ಲಿ ಅರ್ಧ ಮಂದಿಯ ಮದುವೆಗೆ ನನಗೆ ಕರೆಯೂ ಬರುವುದಿಲ್ಲ. ಇದೆಲ್ಲ ತಿಳಿದೂ ನಾನು ಪ್ರಾಚಾರ್ಯರ ಕೋಣೆಗೆ ಹೋಗಿ ಮೆಲ್ಲಗೆ ಹೇಳಿದೆ: "ಸರ್, ಆ ಮೇಡಂ ಯಾಕಿಷ್ಟ ಬಡದಾಡಾಕತ್ತಾರಂದ್ರ, ಆ ಹುಡುಗಿ ಅವರ ಪೈಕಿ ಅನಸತೈತಿ. ಅಡ್ಡಹೆಸರ ಒಂದ ಐತಿ ಅಂತ ಸುದ್ದಿ." ಎಲ್ಲಿಂದ ಬಂದ ಸುದ್ದಿ ಎಂದು ಅವರು ಕೇಳಲಿಲ್ಲ. ಚುಕ್ಕೆಗಳನ್ನು ಹಿಡಿದವನು ನಾನಲ್ಲವೇ.

ಊಟದ ನಂತರ ಪ್ರಾಚಾರ್ಯರು ಎಲ್ಲರ ಮುಂದೆಯೇ ಶಿಕ್ಷಕಿಯನ್ನು ಕೇಳಿದರು. "ಮೇಡಂ, ಆ ಹುಡುಗಿ ನಿಮಗ ಏನಾಗಬೇಕ್ರಿ?"

"ಯಾವ ಹುಡುಗಿರಿ ಸರ್?"

"ನೀವು ವಕಾಲತ್ ಹಿಡದೀರಲ್ಲ, ಆ ಹುಡುಗಿ."

ಆ ಪ್ರಬಂಧದಲ್ಲಿ ಬರೆದದ್ದು ಹುಡುಗನೋ ಹುಡುಗಿಯೋ ಎಂದು ತಿಳಿಯುವ ಒಂದು ಪದವೂ ಇರಲಿಲ್ಲ. ಹುಡುಗಿ ಎಂದು ಗೊತ್ತಾಗಬೇಕಾದರೆ ಚೀಟಿ ನೋಡಿರಬೇಕು. ಚೀಟಿಗಳ ಚೀಲ ಇದ್ದದ್ದು ಒಬ್ಬನ ಬಳಿ. ಶಿಕ್ಷಕಿ ಕತ್ತು ಹೊರಳಿಸಿ ನನ್ನನ್ನು ನೋಡಿದರು. ಅವರಿಗೆ ತಿಳಿದುಹೋಗಿದೆ ಎಂದು ನನಗೂ ತಿಳಿಯಿತು. ಈಗ ಬಾಯಿಬಿಡುತ್ತಾರೆ ಎಂದು ಕಾದೆ. ಮೊದಲ ದಿನವೇ ಮುಖ್ಯರು, "ಒಂದ ಚೀಟಿ ಹೊರಗ ಬಿದ್ರ ಪರೀಕ್ಷಾನ ರದ್ದು, ಅಷ್ಟೂ ಹುಡುಗರು ಮತ್ತ ಬರೀಬೇಕು" ಎಂದು ಎಚ್ಚರಿಸಿದ್ದರು. ಶಿಕ್ಷಕಿಗೆ ಅದೇ ನೆನಪಾಯಿತೋ ಏನೋ. "ನನಗ ಯಾರೂ ಏನೂ ಆಗಬೇಕಾಗಿಲ್ರಿ ಸರ್" ಎಂದಷ್ಟೇ ಹೇಳಿದರು.

"ಆದ್ರೂ ಮಾತ ಬರತಾವ್ರಿ. ಈ ವರ್ಷ ನೀವು ಮೌಲ್ಯಮಾಪನದಿಂದ ದೂರ ಇದ್ರ ಛಲೋ."

ಅವರು ಪೆನ್ನಿಗೆ ಕ್ಯಾಪ್ ಹಾಕಿ, ಅರ್ಧ ಓದಿದ್ದ ಪತ್ರಿಕೆಯೊಳಗೆ ಗುರುತಿಗೆ ಒಂದು ಕಡ್ಡಿ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ನನ್ನ ಮೇಜಿನ ಮುಂದಿನಿಂದಲೇ ಹೋದರು. ಮರುವಾರ ಶಾಲೆಯ ಕೆಲಸವನ್ನೂ ಬಿಟ್ಟರೆಂದು ತಿಳಿಯಿತು. ಕೆಂಪು ದಾರದ ಕಟ್ಟು ಸೊನ್ನೆಗಳ ಜೊತೆ ನನ್ನ ಮೇಜಿನಲ್ಲೇ ಉಳಿಯಿತು. ಚೀಲಕ್ಕೆ ನಾನೇ ಅರಗು ಹಾಕಿದೆ.

ಆಮೇಲಿನ ಕೆಲಸ ಕುಂಟತೊಡಗಿತು. ಒಬ್ಬರು ಕಡಿಮೆಯಾದದ್ದರಿಂದ ಕಟ್ಟುಗಳು ರಾಶಿ ಬಿದ್ದವು. ಅದಕ್ಕಿಂತ ದೊಡ್ಡ ಪೇಚು ಅಂಕಗಳಲ್ಲಿ ಕಾಣಿಸಿತು. ಗುಲಾಬಿ ತೋಟದ ಪತ್ರಿಕೆಗಳಿಗೆ ಎಲ್ಲರೂ ಹನ್ನೊಂದು, ಹನ್ನೆರಡು ಹಾಕುತ್ತಿದ್ದರು. ಪಟ್ಟಿಯ ಮೇಲ್ಭಾಗದಲ್ಲಿ ಒಬ್ಬರ ಮೇಲೊಬ್ಬರು ಸಮ ಅಂಕದವರು. ಇರುವ ಸೀಟುಗಳಿಗೆ ಯಾರನ್ನು ಆರಿಸಬೇಕು? "ಮಕ್ಕಳನ್ನ ಆರಿಸಾಕತ್ತೀವೋ, ಅವರ ಕೋಚಿಂಗ್ ಮಾಸ್ತರನ್ನ ಆರಿಸಾಕತ್ತೀವೋ ತಿಳೀವಲ್ತು" ಎಂದು ಮುಖ್ಯರು ಹಣೆ ಒತ್ತಿಕೊಂಡರು. ಕೆಂಪು ದಾರದ ಕಟ್ಟಿನ ಕಡೆ ಅವರು ಒಮ್ಮೆ ನೋಡಿದರು. ಆದರೆ ಅದರ ಮೇಲೆ ಈಗ ಸಂಶಯದ ನೆರಳಿತ್ತು. ಅದನ್ನು ಮುಟ್ಟಿದರೆ ತಮಗೂ ಮಾತು ಬರುತ್ತದೆ. ಆ ನೆರಳು ಬೀಳಿಸಿದವನು ನಾನು, ಪಕ್ಕದಲ್ಲೇ ಕುಳಿತು ಅಂಕ ಕೂಡಿಸುತ್ತಿದ್ದೆ.

ಭಾನುವಾರ ರಜೆ. ಹುನ್ನೂರಿನಲ್ಲಿ ಮನೆಯಲ್ಲಿದ್ದೆ. ನಾಲ್ಕನೆಯ ತರಗತಿಯ ಮೊಮ್ಮಗಳು ಜಮಖಂಡಿಯ ಕೋಚಿಂಗ್ ಮುಗಿಸಿ ಬಂದಳು. ಅವಳು ಮರುವರ್ಷ ಪರೀಕ್ಷೆಗೆ ಕೂರುವವಳು. "ಮುತ್ಯಾ, ಪ್ರಬಂಧ ಹೇಳತೀನಿ, ತಪ್ಪಿದ್ರ ಹೇಳು" ಎಂದು ಕೈಕಟ್ಟಿ ನಿಂತು ಗಡಗಡನೆ ಶುರುಮಾಡಿದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಆ ವಾಕ್ಯಗಳು ನನಗೆ ಬಾಯಿಪಾಠವಾಗಿದ್ದವು. ಗುಲಾಬಿ ಬಂತು. ಪತ್ರಿಕೆ ಓದುವ ತಂದೆ ಬಂದ. ಕೇಕ್ ಬಂತು.

"ಯವ್ವಾ, ನಮ್ಮ ಮನಿ ಮುಂದ ಗುಲಾಬಿ ಎಲ್ಲೈತಿ? ಎಮ್ಮಿ ಕಟ್ಟೇವಿ" ಎಂದೆ.

"ಎಮ್ಮಿ ಬರೀಬಾರದಂತ."

"ಯಾಕಂತ?"

"ಖರೆ ಖರೆ ಬರದ್ರ ಗುರುತ ಸಿಗತೈತಂತ. ಗುರುತ ಸಿಕ್ರ ಸೊನ್ನಿ. ಸರ್ ಹೇಳ್ಯಾರ, ಆ ಸಾಲ್ಯಾಗ ಒಬ್ಬ ಮುದುಕ ಅದಾನಂತ, ಚಷ್ಮಾ ಹಾಕ್ಕೊಂಡು ಖರೆ ಬರದವರನ್ನ ಹುಡುಕಿ ಹುಡುಕಿ ತಗೀತಾನಂತ." ಅವಳು ಉಸಿರು ತೆಗೆದುಕೊಂಡು ಕೇಳಿದಳು: "ನೀನೂ ಅಲ್ಲೇ ಹೋಗತಿಯಲ್ಲ ಮುತ್ಯಾ, ಆ ಮುದುಕ ನಿನಗ ಗೊತ್ತೇನು?"

ಹೆಂಡತಿ ಒಲೆಯ ಮುಂದಿನಿಂದ ನನ್ನ ಕಡೆ ತಿರುಗಿದಳು. ನಾನು ಗೊತ್ತು ಎಂದೆನೋ ಇಲ್ಲ ಎಂದೆನೋ ನೆನಪಿಲ್ಲ. ಚಷ್ಮಾ ತೆಗೆದು ಒರೆಸಿಕೊಂಡದ್ದು ನೆನಪಿದೆ. ಮೋಸ ತಡೆಯಲು ಬರೆದ ನಿಯಮ ಊರೂರಿನ ಮಕ್ಕಳಿಗೆ ಸುಳ್ಳು ಬರೆಯುವುದನ್ನು ಕಲಿಸುತ್ತಿತ್ತು. ಅದು ಒಂದು. ಅದನ್ನು ತಿದ್ದಲು ಬಂದವರನ್ನು ನಾನು ಓಡಿಸಿದ್ದೆ. ಅದು ಇನ್ನೊಂದು. ಮೊದಲನೆಯದನ್ನು ತಿಳಿಯದೆ ಮಾಡಿದ ತಪ್ಪು ಎನ್ನಬಹುದು. ಎರಡನೆಯದಕ್ಕೆ ಆ ನೆಪವೂ ಇಲ್ಲ. ಅಂದೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ಮುದ್ರಿ ಒಡ್ಯೂದಕ್ಕ ಇನ್ನೂ ಎಷ್ಟ ದಿನ ಐತ್ರಿ?" ಎಂದಳು.

ಎರಡು ದಿನವಿತ್ತು.

ಸೋಮವಾರ ಮೊದಲ ಬಸ್ಸಿಗೇ ಹೋದೆ. ಮುಖ್ಯರು ಶಾಲೆಯ ಅತಿಥಿ ಕೋಣೆಯಲ್ಲಿ ಚಹ ಕುಡಿಯುತ್ತಿದ್ದರು.

"ಸರ್, ಆ ಪೇಪರ್ ಹುಡುಗೀದು ಅಂತ ಆ ಮೇಡಂಗ ಗೊತ್ತಿರಲಿಲ್ಲ. ನನಗಷ್ಟ ಗೊತ್ತಿತ್ತು."

"ನಿಮಗ ಹೆಂಗ ಗೊತ್ತಾತ್ರಿ ಯಜಮಾನ್ರ?"

"ಚೀಲದಾಗ ಕೈ ಹಾಕಿ ಚೀಟಿ ನೋಡಿದೆ."

ಅವರು ಕಪ್ಪನ್ನು ಕೆಳಗಿಟ್ಟರು. "ಅಡ್ಡಹೆಸರು?"

"ಒಂದ ಐತ್ರಿ. ಆದ್ರ ಆ ಅಡ್ಡಹೆಸರಿನವ್ರು ಬನಹಟ್ಟ್ಯಾಗ ಓಣಿ ತುಂಬ ಅದಾರ. ಅದು ನನಗ ಆವತ್ತೂ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ."

ಅವರಿಗೆ ಸಿಟ್ಟು ಬಂತು. "ಶಾಲು ಹೊದಸ್ಯಾರಲ್ಲ ನಿಮಗ! ಕಾವಲುಗಾರಂತ ನಂಬಿ ಕುಂಡರಿಸಿದ್ರ ಬೇಲಿನ ಹೊಲಾ ಮೇದಂಗಾತು. ಪರೀಕ್ಷಾ ರದ್ದಾದ್ರ ಅಷ್ಟೂ ಕೂಸಗೋಳಿಗೆ ಯಾರ ಉತ್ತರ ಕೊಡಬೇಕು?" ನಾನು ತಲೆ ತಗ್ಗಿಸಿ ನಿಂತೆ. ಕೆಲಸದಿಂದ ತೆಗೆಯಿರಿ, ಆದರೆ ಆ ಕಟ್ಟನ್ನು ಓದಿಸಿ ಎಂದೆ.

ಪ್ರಾಚಾರ್ಯರನ್ನು ಕರೆಸಿದರು. ಆಡಳಿತ ಮಂಡಳಿಯ ಇಬ್ಬರು ಹಿರಿಯರು ಬಂದರು. ಎಲ್ಲರ ಮುಂದೆ ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟ, ಏಕೆಂದರೆ ಆಗ ಮಾತುಗಳು ಮೊದಲೇ ಗೊತ್ತಿರುತ್ತವೆ. ಅವರು ಲೆಕ್ಕ ಹಾಕಿದರು. ನಿಯಮದ ಸೊನ್ನೆ ಬಿಟ್ಟರೆ ಆ ಕಟ್ಟಿನ ಯಾವ ಪತ್ರಿಕೆಗೂ ಯಾರೂ ಓದಿ ಅಂಕ ಹಾಕಿರಲಿಲ್ಲ. ಹೊರಗೆ ಬಿದ್ದದ್ದು ಒಂದೇ ಚೀಟಿ, ಅದರಿಂದ ಯಾರ ಅಂಕವೂ ಬದಲಾಗಿರಲಿಲ್ಲ. ಆದ್ದರಿಂದ ಪರೀಕ್ಷೆ ರದ್ದಾಗುವುದಿಲ್ಲ. ಎಲ್ಲರ ಎದುರಿಗೆ ಚೀಲದ ಮುದ್ರೆ ಒಡೆದು, ಆ ಕಟ್ಟಿಗೆ ಮಾತ್ರ ಹೊಸ ಗುಪ್ತ ಸಂಖ್ಯೆ ಕೊಟ್ಟು, ಹೊಸ ಮುದ್ರೆ ಹಾಕುವುದು. ಸಂಖ್ಯೆ ಕೊಡುವವರು ಬೇರೆ. ಹೆಸರು, ಊರುಗಳ ಮೇಲೆ ಬಿಳಿ ಪಟ್ಟಿ. ಓದುವವರು ಹೊಸಬರು ಇಬ್ಬರು, ಒಬ್ಬರು ತೇರದಾಳದಿಂದ, ಒಬ್ಬರು ಬೀಳಗಿಯಿಂದ. ಗುಲಾಬಿ ತೋಟಗಳನ್ನೂ ಮತ್ತೆ ಓದುವುದು. ಬಾಯಿಪಾಠದ ವಾಕ್ಯಗಳಿಗೆ ಸ್ಪೆಲ್ಲಿಂಗ್, ಅಕ್ಷರದ ಅಂಕ ಪೂರ್ತಿ ಕೊಟ್ಟು, ವಿಷಯದ ಐದರಲ್ಲಿ ಒಂದೇ ಕೊಡುವುದು. ಇದನ್ನೆಲ್ಲ ನಡಾವಳಿಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ನನ್ನ ತಪ್ಪನ್ನೂ ಬರೆದರು. ಅದರ ಕೆಳಗೆ ನಾನೂ ಸಹಿ ಹಾಕಿದೆ.

ಶಿಕ್ಷಕಿಯನ್ನು ಮರಳಿ ಕರೆಯಬೇಕೆಂದು ಮುಖ್ಯರು ಅಲ್ಲಿಂದಲೇ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ಬಾಗಿಲಲ್ಲಿದ್ದ ನನಗೂ ಕೇಳಿಸಿತು.

"ನಾ ಬರೂದಿಲ್ರಿ ಸರ್. ನಾ ಬಂದ್ರ ಆ ಪೇಪರಿಗೆ ಮತ್ತ ಮಾತ ಬರತಾವ. ಬ್ಯಾರೆಯವ್ರ ಕಡೆ ಓದಸ್ರಿ. ಸಣ್ಣ ಹುಡುಗೂರು ಬರದಾವ, ಜರಾ ನಿಧಾನ ಓದ್ರಿ ಅಂತ ಹೇಳ್ರಿ."

"ನಿಮಗ ಚೀಟಿ ವಿಷಯ ಆವತ್ತ ತಿಳದಿತ್ತೇನ್ರಿ?"

"ಈಗ್ಯಾಕ್ರಿ ಅದು? ಓದಾಕತ್ತೀರಲ್ಲ, ಸಾಕು."

ಆ ಎರಡು ದಿನ ನನ್ನನ್ನು ಕೋಣೆಯೊಳಗೆ ಬಿಡಲಿಲ್ಲ. ಅದು ಸರಿಯೇ. ವರಾಂಡದಲ್ಲಿ ಒಂದು ಮಣೆ ಹಾಕಿ, ಬಿಳಿ ಹಾಳೆ, ಕತ್ತರಿ ಕೊಟ್ಟು, ಅಂಟಿಸುವ ಪಟ್ಟಿ ಕತ್ತರಿಸಲು ಹೇಳಿದರು. ಹೆಸರಿನ ಅಗಲಕ್ಕೆ ಸರಿಯಾಗಿ ಸಣ್ಣ ಸಣ್ಣ ಪಟ್ಟಿ. ಒಳಗಿನಿಂದ ಒಮ್ಮೊಮ್ಮೆ ನಗು ಕೇಳುತ್ತಿತ್ತು. ಮೊದಲ ದಿನದ ನಗುವಿಗಿಂತ ಬೇರೆಯ ನಗು. ತೇರದಾಳದವರು ಹೊರಗೆ ಬಂದು, "ಯಜಮಾನ್ರ, ಒಬ್ಬ ತನ್ನ ಮನ್ಯಾಗಿನ ಹಲ್ಲಿಗೆ ಹೆಸರ ಇಟ್ಟಾನ್ರಿ!" ಎಂದು ಹೇಳಿ, ನನಗೆ ಹೇಳಬಾರದಿತ್ತೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಒಳಗೆ ಹೋದರು.

ಮಗ್ಗದ ಮನೆಯ ಪ್ರಬಂಧಕ್ಕೆ ಒಬ್ಬರು ಒಂಬತ್ತು, ಇನ್ನೊಬ್ಬರು ಹತ್ತು ಹಾಕಿದ್ದರು. ಕ್ರಿಯಾಪದಗಳಿಗೆ ಕಳೆಯಲೇಬೇಕಲ್ಲ. ವಿಷಯಕ್ಕೆ ಇಬ್ಬರೂ ಐದಕ್ಕೆ ಐದು ಕೊಟ್ಟಿದ್ದರು. ಗಣಿತದ ಅಂಕ ಸೇರಿ ಆ ಹುಡುಗಿಯ ಹೆಸರು ಪಟ್ಟಿಯ ಕೆಳಗಿನ ಸಾಲುಗಳಲ್ಲಿ ಬಂತು, ಆದರೆ ಬಂತು. ಅದೇ ಕಟ್ಟಿನ ಇನ್ನೂ ಕೆಲವರಿಗೆ ಸೀಟು ಸಿಕ್ಕಿತು. ಹಲ್ಲಿಗೆ ಹೆಸರಿಟ್ಟವನಿಗೂ ಸಿಕ್ಕಿತು ಎಂದು ಆಮೇಲೆ ಕೇಳಿದೆ.

ಪ್ರವೇಶದ ದಿನ ನಾನು ಲೆಕ್ಕ ಒಪ್ಪಿಸಲು ಹೋಗಿದ್ದೆ. ಅದೇ ನನ್ನ ಕೊನೆಯ ದಿನ. ಆ ಹುಡುಗಿ ತಂದೆಯ ಜೊತೆ ಕಚೇರಿಯ ಕಟ್ಟೆಯ ಮೇಲೆ ಕುಳಿತಿದ್ದಳು. ತಂದೆ ಬಸಪ್ಪ ಬಹಳ ಗಟ್ಟಿಯಾಗಿ ಮಾತಾಡುತ್ತಿದ್ದ, ಮಗ್ಗದ ಸದ್ದಿನಲ್ಲಿ ಮಾತಾಡಿ ರೂಢಿಯಾದವರ ಹಾಗೆ. "ಇಷ್ಟ ಜೋರ ಬ್ಯಾಡ ಅಪ್ಪಾ, ಇಲ್ಲಿ ಎಲ್ಲಾರಿಗೂ ಕೇಳಸತೈತಿ" ಎಂದು ಅವಳು ಗದರಿದಳು. ಅವನು ನಕ್ಕು ನನ್ನ ಕಡೆ ನೋಡಿ, "ನೋಡ್ರಿ, ಇನ್ನೂ ಸಾಲಿ ಒಳಗ ಹೋಗಿಲ್ಲ, ಆಗಲೇ ಮಾಸ್ತರಿಕಿ ಚಾಲೂ ಆತು" ಎಂದ. ನಾನೂ ನಕ್ಕೆ. ಒಂದು ಕಟ್ಟಿನ ದಾರ ಬಿಚ್ಚಿದ್ದಕ್ಕೆ ಇಷ್ಟೆಲ್ಲ ಸಾಧ್ಯವಾಯಿತಲ್ಲ ಎಂದು ಎದೆ ಹಗುರವಾಯಿತು. ಪೂರ್ತಿ ಅಲ್ಲ.

ಈಗ ಆ ಪ್ರಶ್ನೆಪತ್ರಿಕೆಯಲ್ಲಿ ಒಂದು ಸೂಚನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾಗುತ್ತದೆ: ನಿಮ್ಮ ಊರು, ಮನೆ, ಮನೆಯವರ ಬಗ್ಗೆ ನಿಮಗೆ ತಿಳಿದಂತೆ ಬರೆಯಿರಿ, ಹೆಸರುಗಳನ್ನು ನಾವು ಮುಚ್ಚುತ್ತೇವೆ. ಮೊಮ್ಮಗಳು ಮರುವರ್ಷ ಪರೀಕ್ಷೆ ಬರೆದಳು. ನಮ್ಮ ಎಮ್ಮೆ ಅವಳ ಅಜ್ಜಿಯನ್ನು ಬಿಟ್ಟು ಯಾರಿಗೂ ಹಾಲು ಕೊಡುವುದಿಲ್ಲ, ಅಜ್ಜಿ ಊರಿಗೆ ಹೋದಾಗ ಮುತ್ಯಾ ಅಜ್ಜಿಯ ಸೀರೆ ಹೊದ್ದು ಹಿಂಡಲು ಹೋಗಿ ಒದೆಸಿಕೊಂಡ ಎಂದು ಬರೆದಳಂತೆ. ಅವಳಿಗೆ ಸೀಟು ಸಿಗಲಿಲ್ಲ, ಗಣಿತದಲ್ಲಿ ಹಿಂದೆ ಬಿದ್ದಳು. ಊರಿನ ಶಾಲೆಯಲ್ಲೇ ಓದುತ್ತಿದ್ದಾಳೆ, ಇಂಗ್ಲಿಷಿನಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಬರೆಯುತ್ತಾಳೆ. ಇದೂ ಒಳ್ಳೆಯದೇ.

ಉಳಿದದ್ದು ಆ ಶಿಕ್ಷಕಿ. ಅವರು ಈಗ ರಬಕವಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಾರೆ, ಕಾಯಂ ಆಗಿದೆ ಎಂದು ಕೇಳಿದ್ದೇನೆ. "ನನ್ನ ಹತ್ರ ಹೇಳಿದ್ದ ಸಾಲೂದಿಲ್ಲ, ಯಜಮಾನ್ರ. ನೀವ ಹೋಗ್ರಿ" ಎಂದು ಮುಖ್ಯರು ಅಂದೇ ಹೇಳಿದ್ದರು. ಎರಡು ಸಲ ಹೊರಟಿದ್ದೇನೆ. ಒಮ್ಮೆ ಬನಹಟ್ಟಿಯಲ್ಲೇ ಬಸ್ಸಿಳಿದು, ಚಹ ಕುಡಿದು, ಮರಳಿ ಜಮಖಂಡಿ ಬಸ್ಸು ಹತ್ತಿದೆ. ಇನ್ನೊಮ್ಮೆ ರಬಕವಿಯವರೆಗೂ ಹೋದೆ. ನಿಲ್ದಾಣದ ಎದುರು ಅವರೇ ಬರುತ್ತಿದ್ದರು, ಹಿಂದೆ ನಾಲ್ಕೈದು ಮಕ್ಕಳು, ಏನೋ ವಾದ ನಡೆದಿತ್ತು. ನಾನು ಬಾಳೆಹಣ್ಣಿನ ಗಾಡಿಯ ಹಿಂದೆ ನಿಂತುಬಿಟ್ಟೆ. ಅವರು ಹಾದುಹೋದ ಮೇಲೆ, ಗಾಡಿಯವನು ಏನು ಬೇಕೆಂದು ಕೇಳಿದ್ದರಿಂದ, ಒಂದು ಡಜನ್ ಬಾಳೆಹಣ್ಣು ಕೊಂಡು ಮನೆಗೆ ಬಂದೆ. ಒಳಗೆ ಹೋಗಿ ತಪ್ಪಾಯಿತು ಎನ್ನಲು ಒಂದು ನಿಮಿಷ ಸಾಕು. ಪ್ರಾಚಾರ್ಯರಿಗೆ ಹೇಳಿದೆ, ಮಂಡಳಿಗೆ ಹೇಳಿದೆ, ಹೆಂಡತಿಗೆ ಹೇಳಿದೆ. ಯಾರಿಗೆ ಹೇಳಬೇಕೋ ಅವರೊಬ್ಬರಿಗೆ ಇಂದಿನವರೆಗೂ ಹೇಳಿಲ್ಲ.

ಇಲ್ಲಿ ಯಾರ ಹೆಸರನ್ನೂ ಬರೆಯಬಾರದೆಂದು ಕುಳಿತಿದ್ದೆ. ಆದರೆ ಅತಿಥಿ ಶಿಕ್ಷಕಿ, ಆ ಮೇಡಂ ಎಂದೇ ಮುಗಿಸಿದರೆ ಇನ್ನೊಮ್ಮೆ ಗಾಡಿಯ ಹಿಂದೆ ನಿಂತಂತೆ. ಅಡ್ಡಹೆಸರನ್ನು ಬರೆಯುವುದಿಲ್ಲ, ಅದನ್ನು ನಾನು ಒಮ್ಮೆ ಬಳಸಿದ್ದೇ ಸಾಕು. ಅವರ ಹೆಸರು ಮಹಾನಂದಾ.